ಸಾಕೆನ್ನದ ಬಂಡೆ

ಸವಳಹಟ್ಟಿಯಿಂದ ಮೂಡಲಿಗೆ ಹೊರಟರೆ ಬಿಸಿಲು ನೆತ್ತಿಗೇರುವ ಮೊದಲೇ ಒಂದು ಒಣಹಳ್ಳ ಸಿಗುತ್ತದೆ. ಹಳ್ಳದ ನಡುವೆ ಒಂದು ಅಗಲವಾದ ಹಾಸು ಬಿದ್ದಿದೆ. ಒಂದು ತುದಿ ಉಸುಕಿನಲ್ಲಿ ಹೂತಿದೆ, ಇನ್ನೊಂದು ತುದಿ ಮುರಿದ ಕಂಬಕ್ಕೆ ಒರಗಿದೆ. ಹೊಸಬರು ಅದನ್ನು ಬಂಡೆ ಎಂದು ತಿಳಿಯುತ್ತಾರೆ, ನಾವೂ ಬಾಯಿರೂಢಿಯಲ್ಲಿ ಹಾಗೆಯೇ ಕರೆಯುತ್ತೇವೆ. ಆದರೆ ಅದು ನೆಲದಲ್ಲಿ ಹುಟ್ಟಿದ ಕಲ್ಲಲ್ಲ, ಹಿಂದಿನವರು ಸಿಮೆಂಟು ಕಲಸಿ ಎರೆದದ್ದು. ಅಂಚಿನಿಂದ ಕಬ್ಬಿಣದ ಸರಳುಗಳು ಹೊರಚಾಚಿವೆ, ಮೈಮೇಲೆ ಉದ್ದಕ್ಕೂ ಒಂದು ಬಿಳಿ ಗೆರೆ ಇದೆ. ಗೆರೆಯ ಈಚೆಗೆ ಒಂದು ದೊಡ್ಡ ರಾಶಿ. ತಳ ತುಕ್ಕು ಹಿಡಿದು ಹೋದ ಕೊಪ್ಪರಿಗೆ, ಜೋಡಿ ತಪ್ಪಿದ ಬೀಸುಕಲ್ಲು, ಹಸಿರುಗಟ್ಟಿದ ತಾಮ್ರದ ತಂತಿ, ಗಾಲಿಯ ಬಳೆ, ಬಾಗಿಲ ಚಿಲಕ, ಇನ್ನೂ ಹೆಸರು ಗೊತ್ತಿಲ್ಲದ ಏನೇನೋ. ನಮ್ಮ ಹಟ್ಟಿಯವರು ಒಂದು ಮೊಳೆಗಾಗಿ ಅಣ್ಣತಮ್ಮಂದಿರ ನಡುವೆಯೇ ಮಾತು ಬಿಟ್ಟ ಜನ. ಅಂಥವರು ಕೂಡ ಈ ರಾಶಿಯಿಂದ ಒಂದು ಚೂರು ಎತ್ತುವುದಿಲ್ಲ. ಇದರ ಹೆಸರು ಸಾಕೆನ್ನದ ಬಂಡೆ.

ಹೆಸರು ಕೇಳಿ ರಾಶಿ ನೋಡಿದ ಮೇಲೆ ಯಾರಾದರೂ ಕಥೆ ಕಟ್ಟದೆ ಬಿಡುತ್ತಾರೆಯೇ? ಕತ್ತೆ ಹೇರಿನ ವ್ಯಾಪಾರಿಗಳು ಊರಿಂದೂರಿಗೆ ಹೇಳಿಕೊಂಡು ತಿರುಗುವ ಪ್ರಕಾರ ಇಲ್ಲೊಂದು ಹೊಟ್ಟೆಬಾಕ ಪಿಶಾಚಿ ಇತ್ತು, ಎಷ್ಟು ಇಟ್ಟರೂ ಅದಕ್ಕೆ ಸಾಲುತ್ತಿರಲಿಲ್ಲ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಪಿಶಾಚಿ ಇರಲಿಲ್ಲ, ಹೊಟ್ಟೆಬಾಕತನವೂ ಇರಲಿಲ್ಲ. ಇದ್ದವಳು ಒಬ್ಬ ಹೆಂಗಸು, ಅವಳು ಹಸಿದಿದ್ದಳು. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಪಿಶಾಚಿಯೇ ಬೇಕೆನ್ನುವವರು ಹೇರಿನವರನ್ನೇ ಕೇಳಿಕೊಳ್ಳಲಿ.

ಹಿಂದೆ ಒಮ್ಮೆ ಈ ಹಾಸು ಒಂದು ಸೇತುವೆಯ ಭಾಗವಾಗಿತ್ತು, ಅದರ ಮೇಲೆ ಎತ್ತಿಲ್ಲದ ಗಾಡಿಗಳು ಹಗಲಿರುಳು ಓಡುತ್ತಿದ್ದವು ಎನ್ನುತ್ತಾರೆ. ಆಮೇಲೆ ಉರಿಗಾಲ ಬಂತು. ಮಳೆ ದಾರಿ ತಪ್ಪಿತು, ತಂತಿಗಳಲ್ಲಿ ಹರಿಯುತ್ತಿದ್ದ ಬೆಳಕು ಸತ್ತಿತು, ಅದರ ಬೆನ್ನಿಗೇ ಉಸಿರುಬೇನೆ ಹರಡಿತು. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗಿದರೆ ಸಾಕು, ಮನೆಗೆ ಮನೆಯೇ ಮಲಗಿಬಿಡುತ್ತಿತ್ತು. ಪಟ್ಟಣಗಳು ಬರಿದಾದವು. ಉಳಿದವರು ಒಬ್ಬರಿಗೊಬ್ಬರು ಹೆದರಿ, ದೂರ ದೂರ ಹೋಗಿ, ಗಾಳಿ ಬಿಟ್ಟರೆ ಬೇರೆ ಯಾರೂ ಸುಳಿಯದ ಜಾಗಗಳಲ್ಲಿ ನೆಲೆ ನಿಂತರು. ನಮ್ಮ ಹಿರಿಯರು ಉರುಳಿಬಿದ್ದ ಗಾಳಿಕಂಬಗಳ ಸಾಲಿನಲ್ಲಿ ತಂಗಿದರು. ಆ ಕಂಬಗಳ ರೆಕ್ಕೆಗಳು ಒಂದೊಂದೂ ಒಂದು ಓಣಿಯಷ್ಟು ಉದ್ದ. ಅವನ್ನು ಬೋರಲು ಹಾಕಿ ಅಡಿಯಲ್ಲಿ ಸಂಸಾರ ಹೂಡಿದರು. ಸುತ್ತಲ ನೆಲ ಸವಳು, ಬಿತ್ತಿದ ನಾಲ್ಕರಲ್ಲಿ ಮೂರು ಸುಟ್ಟುಹೋಗುತ್ತಿತ್ತು. ಆದರೆ ಆ ಸವಳು ಮಣ್ಣನ್ನೇ ಕೆರೆದು, ನೀರಲ್ಲಿ ಕದಡಿ, ಬಸಿದು, ಊರಿಗೊಂದೇ ಇದ್ದ ಕೊಪ್ಪರಿಗೆಯಲ್ಲಿ ಕುದಿಸಿದರೆ ಬಿಳಿ ಉಪ್ಪು ಸಿಗುತ್ತಿತ್ತು. ಹಳ್ಳದ ಆಚೆ, ಆಚೆದಿಬ್ಬದಲ್ಲಿ, ಬಾವಿಯಿದ್ದ ಇನ್ನೊಂದು ಗುಂಪು ಸಜ್ಜೆ ಬೆಳೆಯುತ್ತಿತ್ತು. ಉಪ್ಪಿಲ್ಲದೆ ಅವರಿಗೆ ನಡೆಯದು, ಸಜ್ಜೆಯಿಲ್ಲದೆ ಇವರಿಗೆ ನಡೆಯದು. ಹೀಗೆ ಮುಖ ನೋಡದ ವ್ಯಾಪಾರ ಶುರುವಾಯಿತು.

ಅದರ ಕಟ್ಟಳೆ ಸರಳ. ಸೇತುವೆ ಬೀಳುವಾಗ ಈ ಹಾಸು ಅಡ್ಡ ತಿರುಗಿದ್ದರಿಂದ ಅದರ ಬಿಳಿ ಗೆರೆ ಹಳ್ಳದ ಗುಂಟ ಬಿದ್ದಿತ್ತು. ಗೆರೆಯ ಈಚೆ ಉಪ್ಪಿನವರದು, ಆಚೆ ಸಜ್ಜೆಯವರದು. ಉಪ್ಪಿನವರ ಪರವಾಗಿ ಒಬ್ಬರೇ ಬಂದು ಉಪ್ಪು ಇಟ್ಟು, ಸರಳಿಗೆ ಒಮ್ಮೆ ಕಲ್ಲಿನಿಂದ ಬಡಿದು, ತಿರುಗಿ ನೋಡದೆ ಹೋಗಬೇಕು. ಆ ಸದ್ದು ಕೇಳಿ ಆಚೆಯಿಂದ ಒಬ್ಬರು ಇಳಿದು ಬಂದು, ಒಪ್ಪಿಗೆಯಾದರೆ ಉಪ್ಪು ಎತ್ತಿಕೊಂಡು ಸಜ್ಜೆ ಇಟ್ಟು ಹೋಗುತ್ತಾರೆ. ಯಾವ ಕಡೆಯವರೇ ಆಗಲಿ ಮುಟ್ಟದೆ ಬಿಟ್ಟರೆ ‘ಇದು ಸಾಲದು, ಇನ್ನಷ್ಟು ಇಡಿ’ ಎಂದರ್ಥ. ಇಟ್ಟವರು ತಮ್ಮದನ್ನು ತಾವೇ ವಾಪಸ್ಸು ಎತ್ತಿಕೊಂಡರೆ ವ್ಯಾಪಾರ ಅಲ್ಲಿಗೆ ಮುಗಿಯಿತು, ಇನ್ನೆಂದೂ ಇಲ್ಲ. ಮಾತಾಡಬಾರದು, ಕೂಗಬಾರದು, ಎದುರು ದಡದ ಕಡೆ ಕಣ್ಣೆತ್ತಬಾರದು. ಉಸಿರುಬೇನೆ ಯಾವಾಗ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಕಟ್ಟಳೆ ಮಾತ್ರ ಹೋಗಲಿಲ್ಲ.

ಈಚೆಯ ದಡದಲ್ಲಿ ಕಲ್ಲು ಕಾಯುವವಳು ಗಾಳೆವ್ವ. ಉಪ್ಪು ಒಯ್ಯುವುದು, ಸಜ್ಜೆ ತರುವುದು, ಎಷ್ಟಕ್ಕೆ ಒಪ್ಪಬೇಕೆಂದು ತೀರ್ಮಾನಿಸುವುದು ಎಲ್ಲ ಅವಳದೇ. ನಡುವಯಸ್ಸಿನ, ಗಟ್ಟಿ ಮೂಳೆಯ, ನಗು ಕಡಿಮೆಯ ಹೆಂಗಸು. ಗಂಡ, ಇಬ್ಬರು ಮಕ್ಕಳು, ಅತ್ತೆ ಒಬ್ಬರಾದ ಮೇಲೊಬ್ಬರು ಹೋಗಿದ್ದರು. ಅವರು ಉಟ್ಟ ಬಟ್ಟೆಗಳ ತುಂಡುಗಳನ್ನೆಲ್ಲ ಸೇರಿಸಿ ಅವಳು ಒಂದು ಕೌದಿ ಹೊಲಿದುಕೊಂಡಿದ್ದಳು. ಅದನ್ನು ಹೊದ್ದರೆ ಮನೆಯವರೆಲ್ಲ ಮೈಮೇಲೆ ಬಿದ್ದಂತಾಗುತ್ತದೆ ಎಂದು ಒಮ್ಮೆ ಹೇಳಿದ್ದಳಂತೆ. ಹಟ್ಟಿಯಲ್ಲಿ ಅವಳಿಗೆ ಮಾತಿಗೆ ಯಾರೂ ಬೇಕಿರಲಿಲ್ಲ. ಅವಳಿಗೆ ಹೆಚ್ಚು ಪರಿಚಯವಿದ್ದದ್ದು ಮುಖವೇ ಕಾಣದ, ಆಚೆ ದಡದ ಕಲ್ಲು ಕಾಯುವವನು. ಸಜ್ಜೆ ಚೀಲದ ಬಾಯಿಗೆ ಅವನು ಹಾಕುವ ಗಂಟು ಎಲ್ಲರ ಗಂಟಿನಂತಿರಲಿಲ್ಲ, ತಿರುವು ಉಲ್ಟಾ. ಎಡಗೈಯವರು ಮಾತ್ರ ಹಾಗೆ ಕಟ್ಟುತ್ತಾರೆ. ಅದಕ್ಕೆ ಹಟ್ಟಿಯವರು ಅವನಿಗೆ ಎಡಚ ಎಂದು ಹೆಸರಿಟ್ಟಿದ್ದರು. ಗಾಳೆವ್ವ ಆ ಗಂಟನ್ನು ಹಲ್ಲಿನಿಂದ ಎಳೆದು ಬಿಚ್ಚುತ್ತ ಅವನಿಗೆ ಸಹಸ್ರನಾಮ ಮಾಡುತ್ತಿದ್ದಳು. ಆದರೆ ಖಾಲಿ ಉಪ್ಪಿನ ಚೀಲ ವಾಪಸ್ಸು ಬರುವಾಗ ಒಗೆದು, ಹರಿದಲ್ಲಿ ತೇಪೆ ಹಾಕಿರುತ್ತಿದ್ದದ್ದನ್ನೂ ಅವಳು ನೋಡುತ್ತಿದ್ದಳು. ಎಡಚನ ಹೆಂಡತಿ ಒಳ್ಳೆಯವಳಿರಬೇಕು ಎಂದುಕೊಳ್ಳುತ್ತಿದ್ದಳು. ತೇಪೆಯ ಹೊಲಿಗೆಯೂ ಉಲ್ಟಾ ತಿರುವಿನದೇ ಎಂಬುದು ಮಾತ್ರ ಅವಳ ತಲೆಗೆ ಹೊಳೆಯಲಿಲ್ಲ. ವ್ಯಾಪಾರ ಮಾಡುವವರು ಗಂಡಸರೇ ಎಂದು ಅವಳೂ, ತಾನೇ ಹೆಂಗಸಾಗಿದ್ದುಕೊಂಡು, ನಂಬಿಬಿಟ್ಟಿದ್ದಳು.

ನಾನು ಹೇಳಹೊರಟ ಸಂಗತಿಗೆ ಹಿಂದಿನ ವರ್ಷ ಗಾಳೆವ್ವ ಒಂದು ಕೆಲಸ ಮಾಡಿದ್ದಳು. ಎಡಚ ಇಟ್ಟ ಸಜ್ಜೆ ಸಾಕಷ್ಟಿದ್ದರೂ ಮುಟ್ಟದೆ ಬಿಟ್ಟು ಬಂದಿದ್ದಳು. ಮರುದಿನವೂ ಮುಟ್ಟಲಿಲ್ಲ, ಅದರ ಮರುದಿನವೂ ಇಲ್ಲ. ಎಡಚ ಒಂದೊಂದೇ ಚೀಲ ಸೇರಿಸುತ್ತ ಹೋದ. ಅವಳು ಗೆದ್ದಳು, ಹಟ್ಟಿಯಲ್ಲಿ ಎಲ್ಲರೂ ಅವಳ ಬೆನ್ನು ತಟ್ಟಿದರು. ಕಾಯುವುದರಲ್ಲಿ ಗಾಳೆವ್ವನನ್ನು ಮೀರಿಸುವವರಿಲ್ಲ ಎಂದು ಹೊಗಳಿದರು.

ಮುಂದಿನ ಬೇಸಿಗೆಯಲ್ಲಿ ಸವಳಹಟ್ಟಿಗೆ ಕಷ್ಟ ಬಂತು. ಅಕಾಲದಲ್ಲಿ ಒಂದು ಹುಚ್ಚುಮಳೆ ಸುರಿದು, ಕಾಳು ತುಂಬಿಟ್ಟ ಹಗೇವಿಗೆ ನೀರು ನುಗ್ಗಿತು. ನೆಲದೊಳಗಿನ ಆ ಗುಂಡಿಯಲ್ಲಿ ಬಿತ್ತನೆಗೆಂದು ತೆಗೆದಿಟ್ಟ ಸಜ್ಜೆಯೆಲ್ಲ ಮುಗ್ಗಿ ಕಪ್ಪಾಯಿತು. ಮುಂಗಾರಿನ ಮಿರಗದ ಮಳೆ ಬೀಳುವ ಮೊದಲು ಬೀಜ ಕೈಗೆ ಬರಬೇಕು, ಇಲ್ಲದಿದ್ದರೆ ಹಟ್ಟಿ ಖಾಲಿ ಮಾಡಿ ದಾರಿ ಹಿಡಿಯಬೇಕು. ಹಾಗೆ ದಾರಿ ಹಿಡಿದ ಯಾವ ಗುಂಪೂ ಮತ್ತೆ ಕಂಡದ್ದಿಲ್ಲ. ಹಟ್ಟಿಯ ಯಜಮಾನ ಯಂಕೋಬ ಎಲ್ಲರೆದುರು ಗಾಳೆವ್ವನಿಗೆ ಇದನ್ನು ಒಪ್ಪಿಸಿದ. ಬೀಜದ ಸಜ್ಜೆ ಬೇಕೆಂದು ತಿಳಿಸಲು ಉಪ್ಪಿನ ಮೇಲೆ ಒಂದು ಒಣ ತೆನೆ ಇಡುವುದು ವಾಡಿಕೆ. ಗಾಳೆವ್ವ ಉಪ್ಪು ಹೊತ್ತು ಹೋದಳು, ತೆನೆ ಇಟ್ಟಳು, ಸರಳು ಬಡಿದು ಬಂದಳು. ಮರುದಿನ ಹೋದರೆ ಉಪ್ಪು ಇಟ್ಟಲ್ಲೇ ಇತ್ತು.

ಅವಳಿಗೆ ಆಶ್ಚರ್ಯವಾಗಲಿಲ್ಲ. ಹಿಂದಿನ ವರ್ಷದ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳು. ಇನ್ನೊಂದು ಚೀಲ ಇಟ್ಟಳು. ಅದೂ ಹಾಗೇ ಇತ್ತು. ಆಮೇಲೆ ತಾಮ್ರದ ತಂತಿ ಹೋಯಿತು, ಯಾರದೋ ಮನೆಯ ಬೀಸುಕಲ್ಲು ಹೋಯಿತು, ಇನ್ಯಾರದೋ ಬಾಗಿಲ ಚಿಲಕ ಹೋಯಿತು. ಪ್ರತಿ ಸಲವೂ ಮರುದಿನ ಅವಳು ತಲೆ ತಗ್ಗಿಸಿ ಹಳ್ಳಕ್ಕಿಳಿಯುವಳು, ಇಟ್ಟದ್ದು ಇಟ್ಟಂತೆಯೇ ಇರುವುದನ್ನು ನೋಡುವಳು, ಇನ್ನೊಂದನ್ನು ಸೇರಿಸುವಳು. ಎಡಚ ಬಾರದೇ ಇರಬಹುದು ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಅನ್ನಿಸುವುದಾದರೂ ಹೇಗೆ? ಮುಟ್ಟದೆ ಬಿಟ್ಟರೆ ಇನ್ನಷ್ಟು ಎಂದು ಅವರೆಲ್ಲ ತೊಟ್ಟಿಲಿಂದಲೇ ಕಲಿತಿದ್ದರು. ಆ ಮೌನಕ್ಕೆ ಇನ್ನೊಂದು ಅರ್ಥವಿರಬಹುದೆಂದು ಅವರಿಗೆ ಕಲಿಸಿದವರೇ ಇರಲಿಲ್ಲ. ಸಂಜೆ ಹಟ್ಟಿಯ ಹೆಂಗಸರು ಮೂಡಲ ಕಡೆ ತಿರುಗಿ ನೆಲಕ್ಕೆ ಕೈ ಬಡಿದು ಶಪಿಸುತ್ತಿದ್ದರು. ಗಾಳೆವ್ವನಂತೂ ಒಂದು ದಿನ ಬರಿಗೈಯಲ್ಲಿ ತಿರುಗಿ ಬಂದು, ಆ ಕಲ್ಲಿನ ಬಾಯಲ್ಲಿ ಸಾಕು ಅನ್ನುವ ಮಾತೇ ಇಲ್ಲ ಎಂದು ಉಗುಳಿದಳು. ಸಾಕೆನ್ನದ ಬಂಡೆ ಎಂಬ ಹೆಸರು ಹುಟ್ಟಿದ್ದು ಆ ದಿನ.

ಮೋಡ ಕಟ್ಟಲು ಶುರುವಾದಾಗ ಯಂಕೋಬ ಗಾಳೆವ್ವನ ಬಳಿ ಬಂದು ಕುಳಿತ.

“ತಂಗೀ, ಕೊಪ್ಪರಿಗಿ ಇಡೋಣು. ಬೀಜ ಬಂದ್ರ ಜೀವ ಉಳಿತಾವು. ಜೀವ ಉಳಿದ್ರ ಕೊಪ್ಪರಿಗಿ ಎಲ್ಲಿಂದಾರ ತರೋಣು.”

ಕೊಪ್ಪರಿಗೆ ಕೊಟ್ಟರೆ ನಾಳೆ ಉಪ್ಪು ಕುದಿಸುವುದು ಯಾವುದರಲ್ಲಿ ಎಂದು ಗಾಳೆವ್ವ ಕೇಳಲಿಲ್ಲ. ಕೇಳಿ ಪ್ರಯೋಜನವಿರಲಿಲ್ಲ. ಗಂಡಸರು ಅದಕ್ಕೆ ಗಳು ಕಟ್ಟಿ ಹೊತ್ತರು. ದಡದವರೆಗೆ ಒಯ್ದು, ಅಲ್ಲಿಂದ ಮುಂದೆ ಹೋಗುವ ಹಕ್ಕು ಒಬ್ಬರಿಗೇ ಇದ್ದುದರಿಂದ, ಗಾಳೆವ್ವ ಒಬ್ಬಳೇ ಅದನ್ನು ಉರುಳಿಸಿಕೊಂಡು, ನೂಕಿಕೊಂಡು ಹಾಸಿನ ಮೇಲೆ ಹತ್ತಿಸಿದಳು. ಅಂಗೈಯ ತೊಗಲು ಕಿತ್ತು ಬಂತು. ಕೊಪ್ಪರಿಗೆಯನ್ನೂ ಎಡಚ ಮುಟ್ಟಲಿಲ್ಲ. ಹಟ್ಟಿಯಲ್ಲಿ ಕೊಡಲು ಉಳಿದದ್ದು ಇನ್ನೇನೂ ಇರಲಿಲ್ಲ. ಹಾಗಾಗಿ ಗಾಳೆವ್ವ ತನ್ನ ಕೌದಿ ಒಯ್ದು, ಕೊಪ್ಪರಿಗೆಯ ಮೇಲೆ ಹಾಸಿ ಬಂದಳು. ಬೆಳೆದ ಹೆಂಗಸು ಆ ದಿನ ದಾರಿಯುದ್ದಕ್ಕೂ ಅತ್ತಳು.

ಮರುದಿನ ಹೋದಾಗ ಕೌದಿಯ ಮೇಲೆ ಧೂಳು ಕೂತಿತ್ತು. ಅವಳ ಮಗಳ ಲಂಗದ ಕೆಂಪು ತುಂಡಿನ ಮೇಲೆ ಒಂದು ಕಾಗೆ ಹೇತು ಹೋಗಿತ್ತು. ಅಷ್ಟೇ ಸಾಕಾಯಿತು ಅವಳಿಗೆ. ಕೌದಿಯನ್ನು ಎಳೆದುಕೊಂಡಳು. ಇಟ್ಟದ್ದನ್ನು ವಾಪಸ್ಸು ತೆಗೆದ ಮೇಲೆ ವ್ಯಾಪಾರ ಮುಗಿದಂತೆ, ಬೀಜದ ಆಸೆಯೂ ಮುಗಿದಂತೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೌದಿಯನ್ನು ಮೂಗು ಬಾಯಿಗೆ ಬಿಗಿದು ಸುತ್ತಿ, ಎಡಚನ ಮುಖ ನೋಡಿ ನಾಲ್ಕು ಮಾತು ಕೇಳಿಯೇ ಸಾಯುತ್ತೇನೆ ಎಂದು ಬಿಳಿ ಗೆರೆ ದಾಟಿದಳು. ಅವಳಿಗಿಂತ ಮುಂಚೆ ಯಾರೂ ದಾಟಿರಲಿಲ್ಲ.

ಆಚೆ ದಡ ಹತ್ತಿದರೆ ನಾಯಿಯೂ ಬೊಗಳಲಿಲ್ಲ. ಒಲೆಗಳು ತಣ್ಣಗಿದ್ದವು, ಗುಡಿಸಲುಗಳ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿದ್ದವು, ಬಾವಿಯ ತಳದಲ್ಲಿ ಒಣಗಿದ ಕೆಸರು ಬಿರಿದಿತ್ತು. ಸಾಲಾಗಿ ಇಟ್ಟ ಗಡಿಗೆಗಳಲ್ಲಿ ಸವಳಹಟ್ಟಿಯ ಉಪ್ಪು ಅರ್ಧರ್ಧ ಉಳಿದಿತ್ತು. ಯಾರನ್ನು ಬೈಯಲು ಬಂದಿದ್ದಳೋ ಅವರು ಇಲ್ಲ. ಗಾಳೆವ್ವ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಆಗ ದಿಬ್ಬದ ತುದಿಯ ಒಂದು ಗುಡಿಸಲಿನಿಂದ ಕೆಮ್ಮು ಕೇಳಿತು. ಹಳೆಯ ಬಸ್ಸಿನ ತಗಡಿನಿಂದ ಕಟ್ಟಿದ ಗುಡಿಸಲು ಅದು. ಅದರ ಬಾಗಿಲಲ್ಲಿ, ಹಳ್ಳದ ಕಡೆ ಮುಖ ಮಾಡಿ, ಗಾಳೆವ್ವನಿಗಿಂತ ತುಸು ಚಿಕ್ಕ ವಯಸ್ಸಿನ ಒಬ್ಬ ಹೆಂಗಸು ಮಲಗಿದ್ದಳು. ತಲೆಯಡಿ ಒಂದು ತುಂಬಿದ ಚೀಲ, ಚೀಲದ ಬಾಯಿಗೆ ಉಲ್ಟಾ ತಿರುವಿನ ಗಂಟು.

“ಉಪ್ಪಿನಾಕಿ ಬಂದಿ ಏನವ್ವ?” ಎಂದಳು ಮಲಗಿದವಳು.

ಅವಳ ಹೆಸರು ಹುಸೇನವ್ವ. ಎಡಚ ಎಲ್ಲಿ ಎಂದು ಗಾಳೆವ್ವ ಕೇಳಿದ್ದಕ್ಕೆ ತನ್ನ ಎಡಗೈ ಎತ್ತಿ ತೋರಿಸಿ ನಗಲು ನೋಡಿದಳು, ಆಗಲಿಲ್ಲ. ನಿಲ್ಲಿಸಿ ನಿಲ್ಲಿಸಿ ಅವಳು ಹೇಳಿದ್ದು ಇಷ್ಟು. ಬಾವಿ ಬತ್ತಿದ ಮೇಲೆ ದಿಬ್ಬದವರೆಲ್ಲ ದೊಡ್ಡ ಹೊಳೆ ಹುಡುಕಿಕೊಂಡು ಹೊರಟರು. ಉಪ್ಪಿನವರು ಈ ಸಲ ಬೀಜ ಕೇಳಿದರೆ ಕೊಡಲು ಒಬ್ಬರಾದರೂ ಇರಬೇಕಲ್ಲ, ಹಾಗೇ ಬಿಟ್ಟು ಹೋಗುವುದು ಚೆನ್ನಾಗಿರುವುದಿಲ್ಲ ಎಂದು ಇವಳು ಹಿಂದೆ ಉಳಿದಳು; ಕೊಟ್ಟು, ಆಮೇಲೆ ಅವರ ಹೆಜ್ಜೆ ಹಿಡಿದು ಹೋಗುವುದೆಂದು. ಮೊದಲ ದಿನ ಸರಳಿನ ಸದ್ದು ಕೇಳಿ ಚೀಲ ಹೊತ್ತು ಇಳಿಯುವಾಗ ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಜಾರಿದಳು. ಸೊಂಟ ಮುರಿಯಿತು. ಚೀಲವನ್ನು ಬಿಡದೆ ಎಳೆದುಕೊಂಡೇ ತೆವಳಿ ವಾಪಸ್ಸು ಬಂದಿದ್ದಳು. ಗುಡಿಸಲಿನಲ್ಲಿದ್ದ ಹಿಟ್ಟು ತೀರಿ ಬಹಳ ದಿನವಾಗಿತ್ತು, ಗಡಿಗೆಯಲ್ಲಿ ತಳದ ನೀರು ಉಳಿದಿತ್ತು. ತಲೆಯಡಿಯ ಸಜ್ಜೆಯ ಗಂಟನ್ನು ಅವಳು ಬಿಚ್ಚಿರಲಿಲ್ಲ. ಅದು ನಿಮಗೆಂದು ಕಟ್ಟಿದ್ದಲ್ಲವೇ ಎಂದಳು.

ಹುಸೇನವ್ವ ಹಳ್ಳದ ಕಡೆ ಬೆರಳು ಮಾಡಿದಳು. ಅಲ್ಲಿಂದ ಬಂಡೆ, ಬಂಡೆಯ ಮೇಲಿನ ರಾಶಿ ನಿಚ್ಚಳವಾಗಿ ಕಾಣುತ್ತಿದ್ದವು.

“ನಾ ಬಿದ್ದದ್ದು ನಿಮಗ ಹ್ಯಾಂಗ ಗೊತ್ತಾತು ಯಕ್ಕಾ? ದಿನಾ ಒಂದೊಂದು ತಂದು ಇಡೂದು ಇಲ್ಲಿಂದನ ನೋಡ್ತಿದ್ದೆ. ಕಣ್ಣೆತ್ತಬಾರದು ಅಂತಾರ, ಆದ್ರ ನಾ ನೋಡಿದೆ. ಇಲ್ಲಿ ಯಾರೂ ಇಲ್ಲಂದ್ರೂ ಆ ದಡದಾಗ ನನ್ನ ನೆನಸೋರು ಅದಾರಲ್ಲ ಅನಸ್ತಿತ್ತು. ನಿನ್ನಿ ಆ ಕೌದಿ ಹಾಸಿದಾಗಂತೂ ಬಾಳ ಅತ್ತೆ.”

ಹಟ್ಟಿಯ ಹೆಂಗಸರು ನೆಲಕ್ಕೆ ಕೈ ಬಡಿದದ್ದು ಗಾಳೆವ್ವನ ಕಣ್ಣೆದುರು ಬಂತು. ತಾನು ಪ್ರತಿ ಚೀಲದೊಡನೆ ಇಟ್ಟು ಬಂದ ಬೈಗುಳ ಒಂದೊಂದೂ ನೆನಪಾಯಿತು. ಅವಳು ಮುಖಕ್ಕೆ ಸುತ್ತಿದ್ದ ಕೌದಿಯನ್ನು ಬಿಚ್ಚಿದಳು. ಹುಟ್ಟಿದಂದಿನಿಂದ ಹೆದರಿದ್ದ ಉಸಿರು ತನ್ನ ಮುಖಕ್ಕೆ ತಾಗುವಷ್ಟು ಹತ್ತಿರ ಬಾಗಿ, ಅದನ್ನು ಹುಸೇನವ್ವನಿಗೆ ಹೊದಿಸಿದಳು.

“ಹೂಂ ತಂಗೀ,” ಎಂದಳು. “ಎಲ್ಲಾ ನಿನ್ನ ಸಲುವಾಗೇ ಇಟ್ಟೇವಿ.”

“ಬಾಳ ಇಟ್ರಿ. ಸಾಕಾತು. ಇನ್ನ ಸಾಕು.”

ಬಂಡೆ ಎಂದೂ ಆಡದ ಮಾತನ್ನು ಗಾಳೆವ್ವ ಕೇಳಿದ್ದು ಹಾಗೆ. ಆ ಮಧ್ಯಾಹ್ನವೆಲ್ಲ ಅವಳು ಅಲ್ಲಿಂದ ಕದಲಲಿಲ್ಲ. ಗಡಿಗೆಯ ನೀರನ್ನು ಸೆರಗಿನ ತುದಿಯಿಂದ ಹಿಂಡಿ ಹಿಂಡಿ ಬಾಯಿಗೆ ಬಿಟ್ಟಳು. ಇಬ್ಬರೂ ಗಂಟಿನ ವಿಷಯ ಮಾತಾಡಿದರು, ತೇಪೆಯ ವಿಷಯ ಮಾತಾಡಿದರು, ನಿನ್ನ ಗಂಟು ಬಿಚ್ಚಿ ಬಿಚ್ಚಿ ನನ್ನ ಮುಂದಿನ ಹಲ್ಲು ಸವೆಯಿತು ಎಂದು ಗಾಳೆವ್ವ ದೂರಿದಳು ಎನ್ನುತ್ತಾರೆ. ಹೊತ್ತು ಮುಳುಗುವ ಮೊದಲೇ ಹುಸೇನವ್ವನ ಉಸಿರು ನಿಂತಿತು. ಗಾಳೆವ್ವ ಅವಳನ್ನು ಕೌದಿಯ ಸಮೇತ ಅಲ್ಲೇ ಮಣ್ಣು ಮಾಡಿ, ಬೀಜದ ಚೀಲ ಹೊತ್ತು ದಡ ಇಳಿದಳು.

ಬೀಜ ಬಂತು, ಮಿರಗದ ಮಳೆಯೂ ಬಂತು, ಬಿತ್ತನೆ ಆಯಿತು. ಆಮೇಲೆ ಹಟ್ಟಿಯವರು ನೆಟ್ಟಗೆ ಬಂಡೆಗೆ ಹೊರಟರು. ಅವರನ್ನು ತಪ್ಪು ಎನ್ನುವಂತಿಲ್ಲ. ಆಚೆ ದಡದಲ್ಲಿ ಎತ್ತಿಕೊಳ್ಳುವವರೇ ಇಲ್ಲ, ಕೊಪ್ಪರಿಗೆ ಇಲ್ಲದೆ ಉಪ್ಪಿಲ್ಲ, ಬೀಸುಕಲ್ಲಿಲ್ಲದೆ ಹಿಟ್ಟಿಲ್ಲ. ಹೋಗಿ ನೋಡಿದರೆ ಗಾಳೆವ್ವ ರಾಶಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಯಂಕೋಬ ಮೆತ್ತಗೆ ಹೇಳಿದ, ಜೋರಾಗಿ ಹೇಳಿದ, ಕೊನೆಗೆ ಕೈ ಮುಗಿದ. ಅವಳು ಏಳಲಿಲ್ಲ.

“ನಾ ಆಕಿಗೆ ಹೇಳೀನಿ ಯಣ್ಣಾ, ಇದೆಲ್ಲಾ ನಿನ್ನ ಸಲುವಾಗಿ ಇಟ್ಟದ್ದು ಅಂತ. ಈಗ ನೀವು ಹೊತ್ತುಕೊಂಡು ಹೋದ್ರ ಅದು ಸುಳ್ಳಾಕ್ಕೈತಿ.”

ಅವಳು ಎಷ್ಟು ದಿನ ಅಲ್ಲಿ ಕುಳಿತಳೆಂಬುದರಲ್ಲಿ ಹೇಳುವ ಒಬ್ಬೊಬ್ಬರಿಗೂ ಒಂದೊಂದು ಲೆಕ್ಕವಿದೆ, ನಾನು ಯಾವುದನ್ನೂ ನಂಬುವುದಿಲ್ಲ. ಜನ ತಿರುಗಿ ಹೋದರು ಎಂಬುದಷ್ಟು ನಿಜ. ಕೊಪ್ಪರಿಗೆ ಇಲ್ಲದ್ದರಿಂದ ಗಾಳಿಕಂಬದ ರೆಕ್ಕೆಗಳನ್ನು ಅಂಗಾತ ತಿರುಗಿಸಿ, ಅವುಗಳಲ್ಲಿ ಸವಳು ನೀರು ತುಂಬಿ, ಬಿಸಿಲಿಗೆ ಒಣಗಲು ಬಿಟ್ಟರು. ಇಂದಿಗೂ ನಮ್ಮ ಉಪ್ಪು ದಪ್ಪ ಹರಳಿನದು, ತುಸು ಬೂದು ಬಣ್ಣದ್ದು. ಹೇರಿನವರು ಅದಕ್ಕೆ ಮೂಗು ಮುರಿಯುತ್ತಾರೆ, ಆದರೂ ಕೊಳ್ಳುತ್ತಾರೆ. ಗಾಳೆವ್ವ ಬದುಕಿರುವವರೆಗೆ ಆ ಹೆಸರನ್ನು ಅಳಿಸಲು ನೋಡಿದಳಂತೆ. ಯಾರಾದರೂ ಸಾಕೆನ್ನದ ಬಂಡೆ ಎಂದರೆ, ಹುಸೇನವ್ವನ ಬಂಡೆ ಅನ್ನಿ ಎಂದು ತಿದ್ದುತ್ತಿದ್ದಳು. ಯಾರೂ ಅನ್ನಲಿಲ್ಲ. ಸಿಟ್ಟಿನಲ್ಲಿ ತಾನೇ ಇಟ್ಟ ಹೆಸರು, ಕೈ ಮುಗಿದು ಬೇಡಿಕೊಂಡರೂ ಹೋಗಲಿಲ್ಲ.

ಈಗ ವ್ಯಾಪಾರ ಮುಖ ನೋಡಿಯೇ ನಡೆಯುತ್ತದೆ. ಎಲ್ಲೆಲ್ಲಿಯವರೋ ಬಂಡೆಯ ಬಳಿ ಕತ್ತೆಗಳನ್ನು ನಿಲ್ಲಿಸಿ ಚೌಕಾಸಿ ಮಾಡುತ್ತಾರೆ. ವ್ಯಾಪಾರ ಕುದುರಿದಾಗ ಕೊಂಡವರು ಕೊಟ್ಟವರ ಕಣ್ಣು ನೋಡಿ ‘ಸಾಕು’ ಎಂದು ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ನಮ್ಮವರು ಚೀಲದ ಮೇಲಿನ ಕೈ ತೆಗೆಯುವುದಿಲ್ಲ. ಆಮೇಲೆ ಹೊರಡುವ ಮುಂಚೆ ಎಲ್ಲರೂ ರಾಶಿಯ ಬಳಿ ಹೋಗಿ ಅಂಗಿಯ ಒಂದು ಗುಂಡಿಯನ್ನೋ, ತಂತಿಯ ತುಂಡನ್ನೋ, ಒಂದು ಹರಳು ಉಪ್ಪನ್ನೋ ಇಟ್ಟು ‘ಹುಸೇನವ್ವ, ಇದು ನಿನ್ನ ಸಲುವಾಗಿ’ ಎನ್ನುತ್ತಾರೆ. ಪಿಶಾಚಿಯ ಕಥೆ ಹೇಳುವ ಹೇರಿನವರೂ ಇಡುತ್ತಾರೆ, ಅದು ನನಗೆ ಗೊತ್ತು. ಕೊಪ್ಪರಿಗೆಯೊಳಗೆ ಗುಬ್ಬಿಗಳು ಗೂಡು ಕಟ್ಟಿವೆ. ರಾಶಿ ವರ್ಷವರ್ಷಕ್ಕೂ ಬೆಳೆದು, ಮೊದಲು ಇಟ್ಟದ್ದರಲ್ಲಿ ಬಹಳಷ್ಟು ಅಡಿಗೆ ಸೇರಿದೆ. ಅದರಲ್ಲಿ ಶಾಪ ಹಾಕಿ ಇಟ್ಟದ್ದು ಯಾವುದು, ಅವಳನ್ನು ನೆನೆದು ಇಟ್ಟದ್ದು ಯಾವುದು ಎಂದು ಬೇರೆ ಮಾಡಿ ತೋರಿಸು ಎಂದರೆ ನನ್ನಿಂದ ಆಗುವುದಿಲ್ಲ. ಗಾಳೆವ್ವ ಅವತ್ತು ಆಡಿದ ಮಾತು ಈಗ ಸುಳ್ಳಾಗಿ ಉಳಿದಿಲ್ಲ.